ವೆಗಾಸಿಗೆ ಜೋಡಿಯಾಗಿ ಹೋಗೋ ಮುಂಚೆ ಒಂದಿಷ್ಟು ಲೆಕ್ಕಾಚಾರ...

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದ್ರೆ ಸಾಕು, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರೋ ನಮ್ಮ ಕನ್ನಡದ ಜೋಡಿಗಳ ಬಾಯಲ್ಲಿ ಒಂದೇ ಊರು - ವೆಗಾಸ್. ಹೊಸದಾಗಿ ಮದುವೆಯಾಗಿ ಬಂದವರಿಗಂತೂ ಇದೊಂದು ತೀರ್ಥಯಾತ್ರೆ ಇದ್ದ ಹಾಗೆ, ಹೋಗಿಲ್ಲ ಅಂದ್ರೆ ಜನ ಮೇಲಿಂದ ಕೆಳಗೆ ನೋಡ್ತಾರೆ :-) ಲಾಸ್ ಏಂಜಲೀಸಿನಿಂದ ಕಾರಲ್ಲಿ 270 ಮೈಲಿ, ಬೇ ಏರಿಯಾದಿಂದ ವಿಮಾನದಲ್ಲಿ ಒಂದೂವರೆ ಗಂಟೆ. ಹೊರಡೋ ಮುಂಚೆ ನಮ್ಮವರು ಮಾಡೋ ಪ್ಲಾನಿಂಗ್ ನೋಡಬೇಕು. ಎಕ್ಸೆಲ್ ಶೀಟಿನಲ್ಲಿ ಹೋಟೆಲಿಗೆ ಒಂದು ಕಾಲಂ, ಶೋ ಟಿಕೆಟ್ಟಿಗೆ ಒಂದು, ಬಫೆಗೆ ಒಂದು, ಔಟ್‌ಲೆಟ್ ಮಾಲಿಗೆ ಅರ್ಧ ದಿನ, ಪೆಟ್ರೋಲಿಗೂ ಒಂದು ಸಾಲು. ಆದರೆ ಜೂಜಿಗೆ? ಅದಕ್ಕೆ ಮಾತ್ರ ಸಾಲು ಇರೋದಿಲ್ಲ. "ಅದೇನ್ ಬಿಡಿ, ಅಲ್ಲಿ ಹೋದ್ಮೇಲೆ ನೋಡ್ಕೊಳ್ಳೋಣ" ಅಂತ ಒಬ್ಬರು ಹೇಳ್ತಾರೆ, ಇನ್ನೊಬ್ಬರು ತಲೆ ಆಡಿಸ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ಆ ಶೀಟಿನಲ್ಲಿ ಮೊದಲು ಬರೆಯಬೇಕಾದ ಸಾಲೇ ಅದು, ಅದನ್ನ ಇಬ್ಬರೂ ಕೂತು ಬರೀಬೇಕು. ಎರಡನೇ ಮಾತು, "ನಾವು ಜೂಜಾಡಲ್ಲಪ್ಪ, ಸುಮ್ನೆ ತಿಂದು ಸುತ್ತಿ ಬರ್ತೀವಿ" ಅನ್ನೋ ಸಂಭಾವಿತರು ತಾವು ಬಚಾವಾದ್ವಿ ಅಂದ್ಕೊಂಡಿದ್ರೆ ಅದು ಭ್ರಮೆ. ಆ ಊರು ಈಗ ಹೆಚ್ಚಾಗಿ ಬದುಕಿರೋದೇ ಅಂಥ ಸಂಭಾವಿತರ ದುಡ್ಡಿನ ಮೇಲೆ.

ಮೊದಲು ಸ್ವಲ್ಪ ಹಿಂದಿನ ಕಥೆ. ನೆವಾಡಾ ರಾಜ್ಯ ಜೂಜನ್ನ ಕಾನೂನುಬದ್ಧ ಮಾಡಿದ್ದು 1931ರಲ್ಲಿ. ಪಕ್ಕದಲ್ಲೇ ಹೂವರ್ ಡ್ಯಾಮ್ ಕೆಲಸ ಶುರುವಾಗಿದ್ದೂ ಅದೇ ವರ್ಷ. ಆಮೇಲೆ 1941ರಲ್ಲಿ ಹೆದ್ದಾರಿ ಪಕ್ಕ ಎಲ್ ರಾಂಚೋ ವೆಗಾಸ್ ಅನ್ನೋ ರೆಸಾರ್ಟ್ ಬಂತು, 1946ರಲ್ಲಿ ಫ್ಲಮಿಂಗೋ. ಆಗಿನ ಸೂತ್ರ ಸರಳ. ರೂಮು ಅಗ್ಗ, ಊಟ ಅಗ್ಗ, ಕುಡಿಯೋದು ಪುಕ್ಕಟೆ, ಜನ ಎದ್ದು ಹೋಗದೆ ಆಡ್ತಾ ಕೂತಿರಬೇಕು ಅಷ್ಟೇ. ಬಫೆ ಅನ್ನೋದು ಈ ಊರಲ್ಲಿ ಹುಟ್ಟಿದ್ದೇ ಹಾಗೆ, 1940ರ ದಶಕದಲ್ಲಿ ಒಂದು ಡಾಲರಿಗೆ ಹೊಟ್ಟೆ ತುಂಬ ಊಟ. ಊಟದಲ್ಲಾದ ನಷ್ಟ ಮೇಜಿನ ಮೇಲೆ ಬಡ್ಡಿ ಸಮೇತ ವಾಪಸ್ ಬರ್ತಿತ್ತು.

1989ರಲ್ಲಿ ಸ್ಟೀವ್ ವಿನ್ ಮಿರಾಜ್ ತೆರೆದ ಮೇಲೆ ಲೆಕ್ಕ ಬದಲಾಯ್ತು. 1992ರಲ್ಲಿ ಸೀಸರ್ಸ್ ಪ್ಯಾಲೇಸಿನ ಪಕ್ಕ ಫೋರಂ ಶಾಪ್ಸ್, 1998ರಲ್ಲಿ ಬೆಲಾಜಿಯೋ, 1999ರಲ್ಲಿ ವೆನೀಷಿಯನ್. ಜನ ಬರೀ ಜೂಜಿಗಲ್ಲ, ಹೆಂಡತಿ ಮಕ್ಕಳ ಜೊತೆ ಊಟಕ್ಕೆ, ಶಾಪಿಂಗಿಗೆ, ನೀರಿನ ಕಾರಂಜಿ ನೋಡೋಕೆ ಬರೋ ಹಾಗಾಯ್ತು. ಆ ದಶಕ ಮುಗಿಯೋ ಹೊತ್ತಿಗೆ ಸ್ಟ್ರಿಪ್ಪಿನ ದೊಡ್ಡ ಕ್ಯಾಸಿನೋಗಳ ಒಟ್ಟು ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕೆಳಗಿಳಿದಿತ್ತು, ಆಮೇಲೂ ಇಳೀತಾನೇ ಹೋಯ್ತು. ಅಂದ್ರೆ ಹಳೇ ವೆಗಾಸಿನಲ್ಲಿ ಜೂಜುಕೋರ ನಿಮ್ಮ ಊಟದ ಬಿಲ್ ಕಟ್ತಿದ್ದ. ಈಗ ಊಟದ ಬಿಲ್ ನೀವೇ ಕಟ್ತೀರಿ, ಸಿಕ್ಕಿದ್ರೆ ಜೂಜಿಗೂ ನೀವೇ ಕಟ್ತೀರಿ.

ಅಂದ ಹಾಗೆ ಆ ಮಿರಾಜ್ 2024ರ ಜುಲೈನಲ್ಲಿ ಬಾಗಿಲು ಹಾಕ್ತು, ಅದರ ಮುಂದಿದ್ದ ಪುಕ್ಕಟೆ ಜ್ವಾಲಾಮುಖಿಯೂ ಆರಿಹೋಯ್ತು. ಟ್ರಾಪಿಕಾನವನ್ನ ಅದೇ ವರ್ಷ ಅಕ್ಟೋಬರಿನಲ್ಲಿ ಸ್ಫೋಟಿಸಿ ಉರುಳಿಸಿದ್ರು. ಹತ್ತು ವರ್ಷದ ಹಿಂದೆ ಹೋಗಿ ಬಂದವರ ಮಾತು ಕೇಳಿ ಪ್ಲಾನ್ ಮಾಡಬೇಡಿ ಅಂತ ಹೇಳೋಕೆ ಇಷ್ಟು ಸಾಕು ಅನ್ಸುತ್ತೆ.

*

ಈಗ ಆಟದ ಲೆಕ್ಕಕ್ಕೆ ಬರೋಣ. ಕ್ಯಾಸಿನೋದವರು ಮೋಸ ಮಾಡ್ತಾರೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅವರಿಗೆ ಮೋಸದ ಅಗತ್ಯವೇ ಇಲ್ಲ ಸ್ವಾಮಿ, ಗಣಿತವೇ ಅವರ ಕಡೆ ಇದೆ.

ರೂಲೆಟ್ ತಗೊಳ್ಳಿ. ಅಮೆರಿಕದ ಚಕ್ರದಲ್ಲಿ 1ರಿಂದ 36, ಅದರ ಜೊತೆ ಒಂದು ಸೊನ್ನೆ, ಇನ್ನೊಂದು ಜೋಡಿ ಸೊನ್ನೆ, ಒಟ್ಟು 38 ಮನೆ. ಒಂದು ಅಂಕಿ ಮೇಲೆ ಕಟ್ಟಿ ಗೆದ್ರೆ ಒಂದಕ್ಕೆ 35 ಕೊಡ್ತಾರೆ. ನ್ಯಾಯವಾಗಿ 37 ಕೊಡಬೇಕಿತ್ತು. ಈ ವ್ಯತ್ಯಾಸದಿಂದ ನೀವು ಕಟ್ಟೋ ಪ್ರತಿ ನೂರು ಡಾಲರಿನಲ್ಲಿ ಸರಾಸರಿ 5 ಡಾಲರ್ 26 ಸೆಂಟ್ ಅವರಿಗೆ. ಒಂದೇ ಸೊನ್ನೆಯ ಚಕ್ರದಲ್ಲಾದ್ರೆ 2.70. ಇವೆರಡೂ ಸಾಲದು ಅಂತ 2016ರಲ್ಲಿ ವೆನೀಷಿಯನ್ನಿನಲ್ಲಿ ಮೂರು ಸೊನ್ನೆಯ ಚಕ್ರ ತಂದ್ರು, ಈಗ ಅದು ಸ್ಟ್ರಿಪ್ಪಿನಲ್ಲಿ ಹಲವು ಕಡೆ ಇದೆ. ಅದರಲ್ಲಿ ಅವರ ಪಾಲು 7.69. ನೋಡೋಕೆ ಎಲ್ಲಾ ಚಕ್ರ ಒಂದೇ ಥರ ತಿರುಗುತ್ತೆ! ಕೂರೋ ಮುಂಚೆ ಸೊನ್ನೆ ಎಣಿಸೋದು ಒಂದು ಸೆಕೆಂಡಿನ ಕೆಲಸ.

ಬ್ಲ್ಯಾಕ್‌ಜಾಕಿನಲ್ಲೂ ಹೀಗೇ. ಮೇಜಿನ ಬಟ್ಟೆ ಮೇಲೇ ಬರೆದಿರುತ್ತೆ, ಬ್ಲ್ಯಾಕ್‌ಜಾಕ್ ಬಂದ್ರೆ 3ಕ್ಕೆ 2 ಅಂತಲೋ, 6ಕ್ಕೆ 5 ಅಂತಲೋ. ಹತ್ತು ಡಾಲರ್ ಕಟ್ಟಿದ್ರೆ ಮೊದಲನೇದರಲ್ಲಿ 15 ಬರುತ್ತೆ, ಎರಡನೇದರಲ್ಲಿ 12. ಆರು ಐದು ದೊಡ್ಡ ಅಂಕಿ ಅಲ್ವಾ ಅಂತ ಅಲ್ಲಿ ಹೋಗಿ ಕೂರೋರಿದ್ದಾರೆ. ಸುಮಾರು 21 ಆಟಕ್ಕೊಮ್ಮೆ ಬ್ಲ್ಯಾಕ್‌ಜಾಕ್ ಬರುತ್ತೆ, ಹಾಗಾಗಿ ಈ ಒಂದು ನಿಯಮದಿಂದಲೇ ಮನೆಯವರ ಪಾಲು ಶೇ. 1.4ರಷ್ಟು ಏರುತ್ತೆ. ಕಡಿಮೆ ದುಡ್ಡಿನ ಮೇಜುಗಳಲ್ಲಿ ಈಗ ಹೆಚ್ಚಾಗಿ ಇರೋದು ಇದೇ.

ಇನ್ನು ಸ್ಲಾಟ್ ಮಷೀನು. ಇಬ್ಬರಲ್ಲಿ ಒಬ್ಬರು ಮೇಜಿಗೆ ಹೋದಾಗ ಇನ್ನೊಬ್ಬರು "ನಾನು ಬರೀ ಪೆನ್ನಿ ಮಷೀನಿನಲ್ಲಿ ಆಡ್ತಿರ್ತೀನಿ" ಅಂತ ಕೂರೋದು ವಾಡಿಕೆ. ಪೆನ್ನಿ ಅನ್ನೋದು ಹೆಸರಿಗೆ ಮಾತ್ರ. ಹತ್ತಾರು ಸಾಲುಗಳ ಮೇಲೆ ಕಟ್ಟಿದಾಗ ಒಂದು ಸಲ ಗುಂಡಿ ಒತ್ತಿದ್ರೆ 50 ಸೆಂಟೋ 75 ಸೆಂಟೋ ಆಗಿರುತ್ತೆ. ಗಂಟೆಗೆ 500 ಸಲ ಒತ್ತೋದು ದೊಡ್ಡ ವಿಷಯವಲ್ಲ. 75 ಸೆಂಟಿನ ಲೆಕ್ಕದಲ್ಲಿ 375 ಡಾಲರ್ ಓಡಾಡಿತು. ಸ್ಟ್ರಿಪ್ಪಿನಲ್ಲಿ ಪೆನ್ನಿ ಮಷೀನುಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಉಳಿಸಿಕೊಳ್ತವೆ. ಹತ್ತೇ ಅಂದ್ಕೊಂಡ್ರೂ ಗಂಟೆಗೆ 37 ಡಾಲರ್ ಹೋಯ್ತು. ಅದೇ 15 ಡಾಲರಿನ ರೂಲೆಟ್ ಮೇಜಿನಲ್ಲಿ ಗಂಟೆಗೆ 40 ಸಲ ಚಕ್ರ ತಿರುಗಿದ್ರೆ 600 ಡಾಲರ್ ಓಡಾಟ, ಅದರಲ್ಲಿ ಸರಾಸರಿ ಹೋಗೋದು 31 ಡಾಲರ್. "ಅವರು ದೊಡ್ಡ ಆಟ ಆಡಿ ಹಾಳು ಮಾಡಿದ್ರು, ನಾನು ಚಿಲ್ಲರೆಯಲ್ಲಿ ಆಡ್ದೆ" ಅನ್ನೋ ಮಾತು ಈ ಲೆಕ್ಕದ ಮುಂದೆ ನಿಲ್ಲಲ್ಲ.

ಸರಾಸರಿ ಅಂದ್ರೆ ಸರಾಸರಿ ಅಷ್ಟೇ, ನೆನಪಿಡಿ. ಒಂದು ಸಂಜೆ ನೀವು ಮುನ್ನೂರು ಗೆಲ್ಲಬಹುದು, ಐನೂರು ಸೋಲಬಹುದು. ಆದರೆ ಹೆಚ್ಚು ಹೊತ್ತು ಕೂತಷ್ಟೂ ಗೆದ್ದು ಏಳೋ ಸಂಭವ ಕಮ್ಮಿಯಾಗುತ್ತೆ. ಕ್ಯಾಸಿನೋದಲ್ಲಿ ಪುಕ್ಕಟೆ ಡ್ರಿಂಕು, ಗಡಿಯಾರ ಇಲ್ಲದ ಗೋಡೆ, ದುಡ್ಡಿನ ಬದಲು ಚಿಪ್ಪು, ನಾಣ್ಯದ ಬದಲು ಈಗ ಬಂದಿರೋ ಚೀಟಿ - ಎಲ್ಲ ಇರೋದು ಆ ಹೊತ್ತನ್ನ ಉದ್ದ ಮಾಡೋಕೆ.

ಪ್ಲೇಯರ್ಸ್ ಕಾರ್ಡ್ ತೋರಿಸಿ "ನಮಗೆ ಫ್ರೀ ರೂಮ್ ಸಿಕ್ತು" ಅಂತ ಖುಷಿ ಪಡೋರಿಗೆ ಒಂದು ಮಾತು. ಅವರು ಲೆಕ್ಕ ಹಾಕೋದೂ ಇದೇ ಸೂತ್ರದಲ್ಲಿ. ಒಂದು ಆಟಕ್ಕೆ ನೀವು ಕಟ್ಟೋ ದುಡ್ಡು, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ ಕೂತ್ರಿ, ಆ ಆಟದಲ್ಲಿ ಮನೆಯ ಪಾಲೆಷ್ಟು - ಇವನ್ನೆಲ್ಲ ಗುಣಿಸಿದ್ರೆ ನೀವು ಸೋಲಬೇಕಾದ ಮೊತ್ತ ಬರುತ್ತೆ. ಅದರಲ್ಲಿ ಒಂದು ಭಾಗವನ್ನ ನಿಮಗೇ ರೂಮಾಗಿ, ಊಟವಾಗಿ ವಾಪಸ್ ಕೊಡ್ತಾರೆ. ಬೀಗರ ಮನೆ ತಾಂಬೂಲ ಅಲ್ಲ ಅದು :-)

*

ಇಷ್ಟೆಲ್ಲ ಹೇಳಿದ ಮೇಲೂ ನಾನು ಹೇಳೋದು, ಜೂಜಿನ ಮೇಜು ಆ ಊರಿನ ಪ್ರಾಮಾಣಿಕ ಜಾಗಗಳಲ್ಲಿ ಒಂದು ಅಂತ. ಅಲ್ಲಿ ನಿಯಮ ಮೇಜಿನ ಮೇಲೆ ಬರೆದಿರುತ್ತೆ, ಚಕ್ರದಲ್ಲಿ ಸೊನ್ನೆ ಎಣಿಸಬಹುದು, ಶೇಕಡಾವಾರು ಯಾರು ಬೇಕಾದ್ರೂ ಕೂತು ಹಾಕಬಹುದು. ಉಳಿದ ಕಡೆ?

ರೂಮಿನ ವಿಷಯ ತಗೊಳ್ಳಿ. ವರ್ಷಗಟ್ಟಲೆ ಈ ಊರಿನ ಹೋಟೆಲುಗಳು 39 ಡಾಲರ್, 49 ಡಾಲರ್ ಅಂತ ಜಾಹೀರಾತು ಹಾಕಿ, ಕೊನೆಗೆ ರೆಸಾರ್ಟ್ ಫೀ ಅಂತ ರೂಮಿನ ಬೆಲೆಯಷ್ಟೇ ಇನ್ನೊಂದು ಸೇರಿಸ್ತಿದ್ವು. ರಾತ್ರಿಗೆ 35ರಿಂದ 55 ಡಾಲರ್, ಅದರ ಮೇಲೆ ಶೇ. 13ಕ್ಕೂ ಮೀರಿದ ತೆರಿಗೆ. ವೈ-ಫೈ, ಜಿಮ್ಮು ಬಳಸಲಿ ಬಿಡಲಿ ಕೊಡಲೇಬೇಕು. 2025ರ ಮೇ ತಿಂಗಳಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಬಂದು, ಕಡ್ಡಾಯವಾಗಿ ಕೊಡಬೇಕಾದ ಫೀ ಎಲ್ಲ ಸೇರಿಸಿಯೇ ಬೆಲೆ ತೋರಿಸಬೇಕು ಅಂತಾಗಿದೆ. ಫೀ ಹೋಗಿಲ್ಲ, ಮೊದಲೇ ಕಾಣುತ್ತೆ ಅಷ್ಟೇ. ಕಾರು ನಿಲ್ಲಿಸೋಕೆ ಸ್ಟ್ರಿಪ್ಪಿನಲ್ಲಿ ದುಡ್ಡು ಕೇಳೋ ಪದ್ಧತಿಯನ್ನ ದೊಡ್ಡ ಸಂಸ್ಥೆಗಳು 2016ರಿಂದ ಶುರು ಮಾಡಿದ್ವು.

ಬಫೆ ಕಥೆ ಇನ್ನೂ ಚೆನ್ನ. 2020ರ ಕೋವಿಡ್ ನಂತರ ಎಷ್ಟೋ ಬಫೆಗಳು ಮತ್ತೆ ತೆರೆಯಲೇ ಇಲ್ಲ. ಉಳಿದಿರೋ ದೊಡ್ಡ ಬಫೆಗಳಲ್ಲಿ ರಾತ್ರಿ ಊಟಕ್ಕೆ ತಲೆಗೆ 60 ಡಾಲರಿಗೂ ಮೇಲೆ. ತೆರಿಗೆ, ಟಿಪ್ಸು, ಒಂದೊಂದು ಲೋಟ ಏನಾದ್ರೂ ಕುಡಿದ್ರೆ ಇಬ್ಬರಿಗೆ 180 ಡಾಲರ್ ಹತ್ತಿರ ಹೋಗೋದು ಕಷ್ಟವಲ್ಲ. ಆ ಬೆಲೆ ಇರೋದು ಏಡಿಕಾಲು, ಸೀಗಡಿ, ಪ್ರೈಮ್ ರಿಬ್ಬಿಗೆ. ನಮ್ಮ ಸಸ್ಯಾಹಾರಿ ಜೋಡಿ ಅಷ್ಟು ಕೊಟ್ಟು ಸಲಾಡು, ಪಾಸ್ತಾ, ನಾಲ್ಕು ಥರದ ಕೇಕು ತಿಂದು ರೂಮಿಗೆ ಬಂದು ಎಂಟಿಆರ್ ಪ್ಯಾಕೆಟ್ ಬಿಚ್ಚೋದನ್ನ ನೀವೂ ನೋಡಿರ್ತೀರಿ. ಮೇಲಿನ ಲೆಕ್ಕ ನೆನಪಿದೆಯಾ? ದಿನಕ್ಕೆ ಎರಡು ಗಂಟೆಯಂತೆ ಮೂರು ದಿನ ರೂಲೆಟ್ ಆಡಿದ್ರೆ ಸರಾಸರಿ ಹೋಗೋದು 190 ಡಾಲರ್. ಒಂದು ಊಟಕ್ಕೂ ಮೂರು ದಿನದ ಜೂಜಿಗೂ ಹೆಚ್ಚು ಕಮ್ಮಿ ಸರಿ ಹೋಯ್ತು. ಆದರೆ ಜೂಜಿಗೆ ಪಾಪಪ್ರಜ್ಞೆ ಇದೆ, ಬಫೆಗೆ ಇಲ್ಲ.

ಶಾಪಿಂಗಿನಲ್ಲಂತೂ ಮೋಡಿ ಬೇರೆಯೇ. ಫೋರಂ ಶಾಪ್ಸಿನಲ್ಲಿ, ವೆನೀಷಿಯನ್ನಿನ ಗ್ರಾಂಡ್ ಕೆನಾಲ್ ಅಂಗಡಿಗಳಲ್ಲಿ ಚಾವಣಿಗೆ ಆಕಾಶ ಬರೆದಿದ್ದಾರೆ. ಹೊರಗೆ ರಾತ್ರಿ ಹನ್ನೊಂದಾಗಿದ್ರೂ ಒಳಗೆ ಹಿತವಾದ ಸಂಜೆ. ಕ್ಯಾಸಿನೋದಲ್ಲಿ ಕಿಟಕಿ ಇಲ್ಲದೆ ಹೊತ್ತು ಮರೆಸ್ತಾರೆ, ಇಲ್ಲಿ ಆಕಾಶ ಬರೆದು ಮರೆಸ್ತಾರೆ. ದೋಣಿ, ಹಾಡು, ಐಸ್‌ಕ್ರೀಮು, ಪಕ್ಕದಲ್ಲಿ ಕೈಚೀಲದ ಅಂಗಡಿ. ಸಂಜೆ ಮುನ್ನೂರು ಗೆದ್ದವರು ಆ ದುಡ್ಡನ್ನ "ನಮ್ಮದಲ್ಲ, ಬಂದಿದ್ದು" ಅಂತ ಆರುನೂರರ ಚೀಲ ತಗೊಂಡು ಹೋಗೋದು ಇಲ್ಲೇ. ನಿಜವಾಗಿ ಬಟ್ಟೆ ಬರೆ ಬೇಕಿದ್ರೆ ಊರಿನ ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ಪ್ರೀಮಿಯಂ ಔಟ್‌ಲೆಟ್ಸ್ ಇವೆ. ಆದರೆ ಅಲ್ಲಿರೋ ಬ್ರಾಂಡುಗಳೇ ನಿಮ್ಮೂರ ಔಟ್‌ಲೆಟ್ಟಿನಲ್ಲೂ ಇರ್ತವೆ. ಮಾರಾಟ ತೆರಿಗೆ ಅಲ್ಲೂ ಶೇ. 8.375 ಇದೆ, ಏನೂ ಉಳಿತಾಯ ಅನ್ನೋ ಹಾಗಿಲ್ಲ. ರಜೆಯ ಅರ್ಧ ದಿನವನ್ನ ಅದಕ್ಕೆ ಕೊಡಬೇಕಾ ಅಂತ ಇಬ್ಬರೂ ಕೇಳಿಕೊಳ್ಳೋದು ಒಳ್ಳೇದು.

*

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ದುಡ್ಡು ಹೋದ್ರೆ ಸಂಪಾದಿಸಬಹುದು. ಗಂಡ ಹೆಂಡತಿ ನಡುವೆ ಹೋಗೋದು ಬೇರೆ.

ನಮ್ಮ ನೆಲದಲ್ಲಿ ಜೂಜಿನ ಮಾತು ಬಂದ್ರೆ ಮೊದಲು ನೆನಪಾಗೋದು ಧರ್ಮರಾಯ. ಚಿಕ್ಕಂದಿನಿಂದ ನಮಗೆ ಆ ಕಥೆಯಿಂದ ಹೇಳಿಕೊಟ್ಟಿದ್ದು "ಜೂಜು ಕೆಟ್ಟದ್ದು" ಅಂತ. ಆದರೆ ಸಭೆಯಲ್ಲಿ ದ್ರೌಪದಿ ಕೇಳಿದ್ದು ಆ ಪ್ರಶ್ನೆಯನ್ನಲ್ಲ. ಜೂಜು ಯಾಕಾಡಿದೆ ಅಂತ ಅವಳು ಕೇಳಲಿಲ್ಲ. ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಅಂತ ಕೇಳಿದಳು. ತನ್ನನ್ನೇ ಸೋತವನಿಗೆ ನನ್ನನ್ನ ಪಣಕ್ಕಿಡೋ ಅಧಿಕಾರ ಎಲ್ಲಿಂದ ಬಂತು ಅನ್ನೋದು ಅವಳ ಪ್ರಶ್ನೆಯ ಒಳಗುಟ್ಟು. ಭೀಷ್ಮನಂಥವನೂ ಧರ್ಮ ಸೂಕ್ಷ್ಮ ಅಂತ ಜಾರಿಕೊಂಡ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಜಾಯಿಂಟ್ ಅಕೌಂಟಿನ ಪ್ರಶ್ನೆ. ಇಬ್ಬರ ದುಡ್ಡನ್ನ ಒಬ್ಬರು, ಅದೂ ಸೋಲಿನ ಮತ್ತಿನಲ್ಲಿ, ಕೇಳದೇ ಮೇಜಿಗೆ ಇಡಬಹುದಾ?

ಇನ್ನೊಂದು, ಜನ ಮರೆಯೋ ಭಾಗ. ಧೃತರಾಷ್ಟ್ರ ಎಲ್ಲ ವಾಪಸ್ ಕೊಟ್ಟು ಕಳಿಸಿದ ಮೇಲೂ ಧರ್ಮರಾಯ ಕರೆ ಬಂತು ಅಂತ ಮತ್ತೆ ಹೋಗಿ ಕೂತ! ಶನಿವಾರ ರಾತ್ರಿ ಸೋತು ಭಾನುವಾರ ಬೆಳಿಗ್ಗೆ ಚೆಕ್-ಔಟ್ ಮಾಡಿದ ಮೇಲೆ "ಇನ್ನೊಂದೈದು ನಿಮಿಷ ಕಣೇ, ಬಂದೆ" ಅಂತ ಸೂಟ್‌ಕೇಸ್ ಪಕ್ಕದಲ್ಲಿ ಹೆಂಡತಿಯನ್ನ ನಿಲ್ಲಿಸಿ ಹೋಗೋದು ಅದೇ ಎರಡನೇ ಆಟ. "ರೀ, ಸಾಕು ಬನ್ನಿ" ಅನ್ನೋ ದನಿ ಆ ಗದ್ದಲದಲ್ಲಿ ಕೇಳ್ಸಲ್ಲ. ವಿಮಾನ ನಿಲ್ದಾಣಕ್ಕೆ ಹೋದ್ರೆ ಗೇಟಿನ ಹತ್ತಿರವೂ ಸ್ಲಾಟ್ ಮಷೀನ್ ಕಾಯ್ತಾ ಇರುತ್ತೆ.

ಪರಿಚಯದ ಜೋಡಿಗಳಲ್ಲಿ ನಾನು ಕಂಡಿದ್ದು, ಜಗಳ ಆಗೋದು ಸೋತ ಮೊತ್ತಕ್ಕಲ್ಲ. "ಇನ್ನೂರು ಹೋಯ್ತು" ಅಂದದ್ದು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಎಂಟುನೂರಾಗಿ ಬಂದಾಗ. ಕ್ಯಾಸಿನೋ ಒಳಗಿನ ಎಟಿಎಂಗೆ ಒಂದೊಂದು ಸಲಕ್ಕೂ ಹತ್ತು ಡಾಲರ್ ಆಸುಪಾಸು ಫೀ, ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದ್ರೆ ಅದೇ ದಿನದಿಂದ ಬಡ್ಡಿ. ಆ ಸಾಲುಗಳು ಸ್ಟೇಟ್‌ಮೆಂಟಿನಲ್ಲಿ ಒಂದೊಂದಾಗಿ ಕಾಣ್ತವೆ. "ಇಲ್ಲಿ ನಡೆದದ್ದು ಇಲ್ಲೇ ಉಳಿಯುತ್ತೆ" ಅನ್ನೋ ಅರ್ಥದ ಜಾಹೀರಾತನ್ನ ಆ ಊರು 2003ರಲ್ಲಿ ಶುರು ಮಾಡಿತು. ಅಲ್ಲಿ ಉಳಿಯೋದು ದುಡ್ಡು ಮಾತ್ರ. ಸುಳ್ಳು ಮನೆಗೇ ಬರುತ್ತೆ.

ಜೂಜಿನ ಚಟ ಒಂದು ಕಾಯಿಲೆ ಅನ್ನೋದನ್ನೂ ಇಲ್ಲಿ ಹೇಳಲೇಬೇಕು. ಊರಲ್ಲಿ ಮಟ್ಕಾ, ಒಂದಂಕಿ ಲಾಟರಿಯಿಂದ ಮನೆ ಮಾರಿದವರನ್ನ ನೋಡಿದವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದ್ದು ಸುಮ್ನೆ ಅಲ್ಲ. ಇಬ್ಬರಲ್ಲಿ ಒಬ್ಬರಿಗೆ ಆ ಎಳೆತ ಇದೆ ಅಂತ ಗೊತ್ತಿದ್ರೆ ಯಾವ ಬಜೆಟ್ಟೂ ಕೆಲಸ ಮಾಡಲ್ಲ, ರಜೆಗೆ ಬೇರೆ ಊರು ನೋಡೋದೇ ಸರಿ. ಬೆಂಗಳೂರಿನವರು ಗೋವಾಕ್ಕೆ ಹೋಗೋದಕ್ಕೂ ಇದೇ ಮಾತು. ಪಣಜಿಯಲ್ಲಿ ಮಾಂಡೋವಿ ಮೇಲೆ ನಿಂತಿರೋ ಹಡಗುಗಳಲ್ಲಿ ಎಂಟ್ರಿ ದುಡ್ಡಿನಲ್ಲೇ ಊಟ, ಒಂದಿಷ್ಟು ಚಿಪ್ಪು ಸೇರಿಸಿ ಕೊಡ್ತಾರೆ, "ದುಡ್ಡು ವಸೂಲಾಯ್ತು" ಅನ್ನೋ ಭಾವನೆ ಹತ್ತೋ ಮೊದಲೇ ಬಂದುಬಿಡುತ್ತೆ. ಆದರೆ 2020ರಲ್ಲಿ ಗೋವಾ ಸರ್ಕಾರ ತನ್ನ ರಾಜ್ಯದವರೇ ಕ್ಯಾಸಿನೋದಲ್ಲಿ ಆಡೋದನ್ನ ನಿಷೇಧಿಸಿತು. ಅಡುಗೆಯವನು ತನ್ನ ಮಕ್ಕಳಿಗೆ ಬಡಿಸದ ಅಡುಗೆಯನ್ನ ನಾವು ದುಡ್ಡು ಕೊಟ್ಟು ಉಣ್ತೀವಿ.

*

ಹಾಗಾದ್ರೆ ಹೋಗೋದೇ ಬೇಡ್ವಾ? ಹಾಗೇನಿಲ್ಲ. ಹೋಗಿ, ಆಡಿ, ಖುಷಿಯಾಗಿರಿ. ಆದರೆ ಹೀಗೆ ಮಾಡಿ ಅಂತ ನನ್ನ ಸಲಹೆ.

ಜೂಜಿನ ದುಡ್ಡನ್ನ ಸಿನಿಮಾ ಟಿಕೆಟ್ಟಿನ ಹಾಗೆ ನೋಡಿ, ಕೊಟ್ಟಾಗಲೇ ಖರ್ಚಾಯ್ತು ಅಂತ. ಮನೆಯಲ್ಲೇ ನಗದು ತೆಗೆದು ಎರಡು ಲಕೋಟೆಯಲ್ಲಿ ಸಮ ಸಮ ಹಾಕಿ, ಒಬ್ಬೊಬ್ಬರಿಗೆ ಒಂದೊಂದು. ದುಡಿಯೋರು ಒಬ್ಬರೇ ಆಗಿದ್ರೂ ಲಕೋಟೆ ಸಮವೇ ಇರಬೇಕು. ಅದನ್ನ ಮತ್ತೆ ದಿನಕ್ಕೆ ಇಷ್ಟು ಅಂತ ಭಾಗ ಮಾಡಿ. ಇವತ್ತಿನದು ಮುಗಿದ್ರೆ ಇವತ್ತಿನ ಆಟ ಮುಗೀತು. ಒಬ್ಬರ ಲಕೋಟೆಯಿಂದ ಇನ್ನೊಬ್ಬರು ಸಾಲ ಕೇಳೋ ಹಾಗಿಲ್ಲ, ಎಟಿಎಂ ಕಾರ್ಡು ರೂಮಿನ ಲಾಕರಿನಲ್ಲಿ. ಸೋತದ್ದನ್ನ ಅದೇ ರಾತ್ರಿ, ನಿಜವಾದ ಅಂಕಿ ಹೇಳಬೇಕು. ಕೇಳಿದವರು ಬೈಯೋ ಹಾಗಿಲ್ಲ, ಯಾಕಂದ್ರೆ ಲಕೋಟೆ ಅವರದ್ದು. ಬೈಗುಳದ ಭಯವೇ ಅಲ್ವಾ ಸುಳ್ಳು ಹೇಳಿಸೋದು?

ವಾರದ ನಡುವೆ ಹೋದ್ರೆ ರೂಮಿನ ಬಾಡಿಗೆ ಅರ್ಧಕ್ಕೂ ಇಳಿಯುತ್ತೆ. ಜನವರಿಯಲ್ಲಿ ಎಲೆಕ್ಟ್ರಾನಿಕ್ಸ್ ಮೇಳದ ವಾರ, 2023ರಿಂದ ನವೆಂಬರಿನಲ್ಲಿ ನಡೆಯೋ ಫಾರ್ಮುಲಾ ಒನ್ ರೇಸಿನ ವಾರ ಆ ಕಡೆ ತಲೆ ಹಾಕಬೇಡಿ. ಜುಲೈ ಬಿಸಿಲಿನಲ್ಲಿ 40 ಡಿಗ್ರಿ ದಾಟುತ್ತೆ, ರಾಯಚೂರು ನೆನಪಾಗುತ್ತೆ. ಇಂಡಿಯಾದಿಂದ ಸುತ್ತಾಡೋಕೆ ಬಂದವರು ಒಂದು ತಿಳಿದಿರಲಿ, ಸ್ಲಾಟ್ ಮಷೀನಿನಲ್ಲಿ ದೊಡ್ಡ ಮೊತ್ತ ಹೊಡೆದ್ರೆ ಶೇ. 30 ತೆರಿಗೆ ಅಲ್ಲೇ ಮುರ್ಕೊಳ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್ಟಿಗೆ ಆ ಕಡಿತ ಇಲ್ಲ.

ಊಟಕ್ಕೆ ಒಂದು ರಾತ್ರಿ ಮಾತ್ರ ದುಬಾರಿ ಜಾಗ ಇಟ್ಕೊಳ್ಳಿ, ಅದೂ ಬಫೆ ಅಲ್ಲ, ಕೂತು ಮಾತಾಡೋ ಅಂಥ ಜಾಗ. ಸ್ಟ್ರಿಪ್ ಬಿಟ್ಟು ಸ್ವಲ್ಪ ಆಚೆ ಹೋದ್ರೆ ಇಂಡಿಯನ್, ಥಾಯ್ ಊಟ ಅರ್ಧ ಬೆಲೆಗೆ ಸಿಗುತ್ತೆ. ಬೆಲಾಜಿಯೋ ಕಾರಂಜಿ, ಅದರೊಳಗಿನ ಹೂವಿನ ತೋಟ ಇವತ್ತಿಗೂ ಪುಕ್ಕಟೆ. ಮೂರು ದಿನದಲ್ಲಿ ಒಂದು ದಿನವನ್ನಾದ್ರೂ ಊರಿಂದ ಹೊರಗೆ ಕಳೀರಿ. ರೆಡ್ ರಾಕ್ ಕ್ಯಾನಿಯನ್ ಅರ್ಧ ಗಂಟೆ, ಹೂವರ್ ಡ್ಯಾಮ್ ಮುಕ್ಕಾಲು ಗಂಟೆ, ವ್ಯಾಲಿ ಆಫ್ ಫೈರ್ ಒಂದು ಗಂಟೆ. ಕೆಂಪು ಬಂಡೆಗಳ ನಡುವೆ ಸಂಜೆ ಬಿಸಿಲಲ್ಲಿ ಇಬ್ಬರೇ ನಿಂತಾಗ ಚಾವಣಿಗೆ ಬರೆದ ಆಕಾಶ ಎಷ್ಟು ಸಣ್ಣದು ಅಂತ ಗೊತ್ತಾಗುತ್ತೆ.

ಇಷ್ಟು ಓದಿದ ಮೇಲೆ "ರಜೆಗೆ ಹೋಗೋಕೂ ಇಷ್ಟು ಲೆಕ್ಕ ಹಾಕಬೇಕೇನ್ರೀ, ಅದರಲ್ಲೇನು ಮಜಾ?" ಅಂತ ಕೆಲವರು ಕೇಳ್ತೀರಿ, ಗೊತ್ತು :-) ನಾವು ಬರೋದು ಎಂದು, ಹೋಗೋದು ಎಂದು, ಎಷ್ಟು ಹೊತ್ತು ಕೂರ್ತೀವಿ, ಎಷ್ಟು ಬಿಟ್ಟು ಹೋಗ್ತೀವಿ ಅಂತ ಆ ಊರಿನವರು ನಮ್ಮ ಮೇಲೆ ಪೂರ್ತಿ ಲೆಕ್ಕ ಹಾಕಿಟ್ಟಿದ್ದಾರೆ. ಒಂದು ಕಡೆಯವರು ಮಾತ್ರ ಲೆಕ್ಕ ಹಾಕೋ ಆಟಕ್ಕೆ ನಾನು ಮಜಾ ಅಂತ ಕರೆಯೋದಿಲ್ಲ.

ನಿಮ್ಮ ಮನೆಯಲ್ಲಿ ಹೇಗೆ? ಲಕೋಟೆ ಪದ್ಧತಿಯೋ, "ಅಲ್ಲಿ ನೋಡ್ಕೊಳ್ಳೋಣ" ಪದ್ಧತಿಯೋ? ಮದುವೆಯಾಗಿ ಇಪ್ಪತ್ತು ವರ್ಷ ಆದವರು, ಮೊದಲ ವರ್ಷದವರು, ಇಬ್ಬರೂ ಹೇಳಿ. ಉತ್ತರಗಳು ಒಂದೇ ಥರ ಇರಲ್ಲ ಅಂತ ನನ್ನ ಗುಮಾನಿ.